ಮೇಷ್ಟ್ರು ಸುಮ್ಮನಾದ ಮೇಲೆ

ದೂರಶಿಕ್ಷಣದ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸಲು ತೊಡಗಿದ ಮೊದಲ ಸೆಮಿಸ್ಟರ್‌ನಲ್ಲಿ ನನ್ನಷ್ಟು ಚುರುಕಿನ ಮೇಷ್ಟ್ರು ಇನ್ನೊಬ್ಬರಿಲ್ಲ ಎಂದುಕೊಂಡಿದ್ದೆ. ಆನ್‌ಲೈನ್ ಚರ್ಚೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪ್ರಶ್ನೆ ಬಿದ್ದರೆ ಹನ್ನೊಂದೂಕಾಲಿಗೆ ನನ್ನ ಉತ್ತರ ಸಿದ್ಧ. ‘ಧನ್ಯವಾದಗಳು ಸರ್’ ಎಂಬ ಒಂದು ಸಾಲು ಬರುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಇಡೀ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿ ಇನ್ನೊಬ್ಬರ ಮಾತನ್ನು ಅಲ್ಲಗಳೆದದ್ದನ್ನು ನಾನು ನೋಡಲಿಲ್ಲ.

ಮುಂದಿನ ಸಲ ಅಂಕದ ಆಸೆ ತೋರಿಸಿದೆ. ವಾರಕ್ಕೊಂದು ಬರಹ, ಸಹಪಾಠಿಗಳಿಗೆ ಎರಡು ಪ್ರತಿಕ್ರಿಯೆ ಕಡ್ಡಾಯ. ಭಾನುವಾರ ರಾತ್ರಿ ಗಡುವು ಮುಗಿಯುವ ಹೊತ್ತಿಗೆ ‘ಚೆನ್ನಾಗಿ ಬರೆದಿದ್ದೀರಿ’, ‘ನನ್ನದೂ ಇದೇ ಅಭಿಪ್ರಾಯ’ ಎಂಬ ಸಾಲುಗಳ ಸುರಿಮಳೆ. ಅವರನ್ನು ದೂರುವಂತಿರಲಿಲ್ಲ. ‘ಸರಾಸರಿಗೂ ಮಧ್ಯಾಂಕಕ್ಕೂ (ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಬೆಲೆ) ಇರುವ ವ್ಯತ್ಯಾಸ ತಿಳಿಸಿ’ ಎಂದು ಕೇಳಿದರೆ ಮೊದಲು ಬರೆದವರೇ ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ. ಉಳಿದವರು ತಲೆಯಾಡಿಸದೆ ಇನ್ನೇನು ಮಾಡಬೇಕು?

ಆಗ ಪ್ರಶ್ನೆಯನ್ನೇ ಬದಲಿಸಿದೆ. ಒಂದು ಕಚೇರಿಯಲ್ಲಿ ಒಂಬತ್ತು ಜನರಿಗೆ ತಲಾ 20 ಸಾವಿರ ಸಂಬಳ, ಹತ್ತನೆಯವನಾದ ವ್ಯವಸ್ಥಾಪಕನಿಗೆ 2 ಲಕ್ಷ 20 ಸಾವಿರ. ಸರಾಸರಿ 40 ಸಾವಿರ, ಮಧ್ಯಾಂಕ 20 ಸಾವಿರ. ‘ನೀವು ಮಾಲೀಕರಾಗಿದ್ದರೆ ಕೆಲಸದ ಜಾಹೀರಾತಿನಲ್ಲಿ ಯಾವುದನ್ನು ಹಾಕುತ್ತೀರಿ? ನೌಕರರ ಸಂಘದವರಾಗಿದ್ದರೆ? ಅದು ಸುಳ್ಳು ಹೇಳಿದಂತಾಗುತ್ತದೆಯೇ?’ ಎಂದು ಕೇಳಿದೆ. ಅರವತ್ತು ಜನರ ತರಗತಿಯನ್ನು ಏಳೆಂಟು ಜನರ ಗುಂಪುಗಳಾಗಿಯೂ ಒಡೆದೆ. ಆನ್‌ಲೈನ್ ಪಾಠಕ್ಕೆ ನಾವು ಬಳಸುವ ಮೂಡಲ್ ತಂತ್ರಾಂಶದಲ್ಲಿ ಇದಕ್ಕೆ ಹೊಂದುವ ಒಂದು ಬಗೆಯ ಚರ್ಚೆಯಿದೆ: ತಾನು ಬರೆದು ಹಾಕುವವರೆಗೆ ಇತರರ ಉತ್ತರ ಕಾಣುವುದಿಲ್ಲ. ಬರೆದ ಮೇಲೂ, ತಿದ್ದಲು ಕೊಟ್ಟಿರುವ ಸಮಯ, ಸಾಮಾನ್ಯವಾಗಿ 30 ನಿಮಿಷ, ಕಳೆಯಬೇಕು. ಮೊದಲ ಬರಹಕ್ಕೆ ಬುಧವಾರ, ಪ್ರತಿಕ್ರಿಯೆಗೆ ಭಾನುವಾರ ಎಂದು ಗಡುವನ್ನೂ ಎರಡು ಮಾಡಿದೆ. ಬುಧವಾರದ ಗಡುವಿಗೆ ಬೈಗುಳ ತಿಂದೆ. ಉದ್ಯೋಗದಲ್ಲಿರುವವರಿಗೆ ಓದಲು ಸಿಗುವುದೇ ವಾರಾಂತ್ಯ. ಗುರುವಾರಕ್ಕೆ ದೂಡಿದೆ, ಗೊಣಗಾಟ ಪೂರ್ತಿ ನಿಲ್ಲಲಿಲ್ಲ.

ಜಗಳ ಶುರುವಾಯಿತು, ನಾನು ಬಯಸಿದಂಥ ಜಗಳ. ವೇತನ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬರು ‘ಸರಾಸರಿ ಹಾಕುವುದು ಮೋಸ’ ಎಂದರು. ಇನ್ನೊಬ್ಬರು ‘ಒಟ್ಟು ಸಂಬಳದ ವೆಚ್ಚ ಲೆಕ್ಕ ಹಾಕಲು ಮಧ್ಯಾಂಕ ಯಾವ ಕೆಲಸಕ್ಕೆ ಬರುತ್ತದೆ?’ ಎಂದು ತಿರುಗಿಬಿದ್ದರು. ಇದನ್ನು ನಾನು ಪಾಠದಲ್ಲಿ ಹೇಳಿರಲೇ ಇಲ್ಲ.

ಆದರೆ ನಾನು ನಡುವೆ ಬಾಯಿ ಹಾಕಿದ ಗುಂಪುಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆ ದಿನಗಳಲ್ಲೇ ಮಾರ್ಗರೆಟ್ ಮಜ್ಜೋಲಿನಿ ಮತ್ತು ಸಾರಾ ಮ್ಯಾಡಿಸನ್ ಆನ್‌ಲೈನ್ ಚರ್ಚೆಗಳಲ್ಲಿ ಶಿಕ್ಷಕರ ಪಾತ್ರದ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣಿಗೆ ಬಿತ್ತು. ಶಿಕ್ಷಕರು ಹೆಚ್ಚು ಬರೆದಷ್ಟೂ ವಿದ್ಯಾರ್ಥಿಗಳು ಬರೆಯುವುದು ಕಡಿಮೆಯಾಗುತ್ತಿತ್ತು, ಚರ್ಚೆಗಳೂ ಗಿಡ್ಡವಾಗುತ್ತಿದ್ದವು. ಅಂಥ ಶಿಕ್ಷಕರನ್ನೇ ವಿದ್ಯಾರ್ಥಿಗಳು ಉತ್ಸಾಹಿಗಳೆಂದು ಮೆಚ್ಚುತ್ತಿದ್ದರಂತೆ! ನನಗೆ ಬಂದ ಹೊಗಳಿಕೆಯ ಅರ್ಥ ಆಗ ಹೊಳೆಯಿತು.

ಪರೀಕ್ಷೆಯ ದಿನಾಂಕದಂಥ ಪ್ರಶ್ನೆಗೆ ಈಗಲೂ ತಕ್ಷಣ ಉತ್ತರಿಸುತ್ತೇನೆ. ಅದಕ್ಕೆ ಬೇರೆಯೇ ಜಾಗ ಮಾಡಿದ್ದೇನೆ. ವಿಷಯದ ಚರ್ಚೆಯಲ್ಲಿ ಮಾತ್ರ ಒಂದು ದಿನ ಸುಮ್ಮನಿರುತ್ತೇನೆ. ಒಮ್ಮೆ ನಾನು ಹೀಗೆ ಸುಮ್ಮನಿದ್ದಾಗ, ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವ ವಿಚಲನೆಯ ಸೂತ್ರವನ್ನು ತಪ್ಪಾಗಿ ಬರೆದವರನ್ನು ನಂಬಿ ಇಡೀ ಗುಂಪು ದಾರಿ ತಪ್ಪಿತ್ತು. ಅಂದಿನಿಂದ ತಪ್ಪು ಕಂಡರೆ ಕಾಯುವುದಿಲ್ಲ. ಆದರೆ ತಿದ್ದುವುದೂ ಇಲ್ಲ, ‘ಇದನ್ನು ಮೂರು ಸಂಖ್ಯೆ ಹಾಕಿ ಯಾರಾದರೂ ಪರೀಕ್ಷಿಸುತ್ತೀರಾ?’ ಎಂದಷ್ಟೇ ಬರೆಯುತ್ತೇನೆ.

ರಾತ್ರಿ ಹನ್ನೊಂದರ ಚಟ ಪೂರ್ತಿ ಹೋಗಿಲ್ಲ. ಉತ್ತರ ಬರೆಯುತ್ತೇನೆ, ಕಳುಹಿಸದೆ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ನೋಡಿದರೆ ಎಷ್ಟೋ ಸಲ ಯಾರೋ ಅದನ್ನೇ ಹೇಳಿರುತ್ತಾರೆ, ನನ್ನಷ್ಟು ಅಚ್ಚುಕಟ್ಟಾಗಿಯಲ್ಲ. ನನ್ನದನ್ನು ಅಳಿಸಿಹಾಕುವಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ.