ಮರಳಿ ಬಂದ ಮನೆಯಲ್ಲಿ ಮೊದಲ ಮೂರು ತಿಂಗಳು

ನನ್ನ ಹೆಂಡತಿ ಸೇನೆಯ ಸಂಪರ್ಕ ವಿಭಾಗದಲ್ಲಿ ಅಧಿಕಾರಿ. ನನ್ನದು ಎಲ್ಲಿ ಕುಳಿತರೂ ನಡೆಯುವ ಲೆಕ್ಕಪತ್ರದ ಕೆಲಸ. ಹೀಗಾಗಿ ಆಕೆಗೆ ವರ್ಗಾವಣೆಯ ಆದೇಶ ಬಂದಾಗಲೆಲ್ಲ ಮನೆಯನ್ನು ಕಟ್ಟುವ ಮತ್ತು ಬಿಚ್ಚುವ ಹೊಣೆ ನನ್ನ ಪಾಲಿಗೆ ಬರುತ್ತದೆ. ಹನ್ನೆರಡು ವರ್ಷಗಳಲ್ಲಿ ಇದು ನಮ್ಮ ಆರನೆಯ ಮನೆ. ಎಲ್ಲಿಂದ ಎಲ್ಲಿಗೆ ಹೋದೆವು ಎಂದು ಬರೆದು ತಿಳಿಸುವ ಅಭ್ಯಾಸ ನಮ್ಮಲ್ಲಿಲ್ಲವಾದ್ದರಿಂದ ಊರುಗಳ ಹೆಸರು ಇಲ್ಲಿ ಬರುವುದಿಲ್ಲ. ಮೂರು ವರ್ಷ ಹೊರದೇಶದಲ್ಲಿದ್ದು ತಿರುಗಿ ಬಂದು, ಮೊದಲು ಎಂದೂ ನೋಡಿರದ ಒಂದು ಕ್ವಾರ್ಟರ್ಸ್‌ನಲ್ಲಿ ನಾವು ನೆಲೆಯೂರಿದ ಬಗೆಯನ್ನಷ್ಟೇ ಬರೆಯುತ್ತಿದ್ದೇನೆ.

ನಾನು ಮಾಡಿದ ಮೊದಲ ತಪ್ಪು ಹೊರಡುವುದಕ್ಕೆ ಮುಂಚೆಯೇ ಆಗಿಹೋಗಿತ್ತು. ಹೊರದೇಶಕ್ಕೆ ಹೋಗುವಾಗ ಆರು ತಿಂಗಳು ಮೊದಲೇ ಅಲ್ಲಿನ ಶಾಲೆ, ವಿದ್ಯುತ್ತು, ಹವೆ, ಆಸ್ಪತ್ರೆ ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ನಾನು, ಬರುವಾಗ ಒಂದು ಹಾಳೆಯನ್ನೂ ತುಂಬಿಸಲಿಲ್ಲ. ನಮ್ಮ ದೇಶ, ನಮ್ಮ ಭಾಷೆ, ಇದರಲ್ಲಿ ತಿಳಿದುಕೊಳ್ಳುವುದೇನಿದೆ ಎಂಬ ಧೈರ್ಯ. ಆದರೆ ಒಂಬತ್ತು ವರ್ಷದ ಮಗಳು ತನ್ನ ಬದುಕಿನ ಮೂರನೆಯ ಒಂದು ಭಾಗವನ್ನು ಅಲ್ಲಿ ಕಳೆದಿದ್ದಳು. ನಾಲ್ಕು ವರ್ಷದ ಮಗನಿಗಂತೂ ಅದಕ್ಕೆ ಮೊದಲಿನದು ಯಾವುದೂ ನೆನಪಿರಲಿಲ್ಲ. ಬಂದ ಮೂರನೆಯ ದಿನ ಅವನು ಬೂಟು ಹಾಕಿಕೊಂಡು ಬಾಗಿಲಲ್ಲಿ ಕುಳಿತು, "ಅಪ್ಪ, ಮನೆಗೆ ಯಾವಾಗ ಹೋಗೋದು?" ಎಂದಾಗ, ನಾನು ಯಾವುದನ್ನು ಹಿಂದಿರುಗುವುದು ಎಂದುಕೊಂಡಿದ್ದೆನೋ ಅದು ನಾಲ್ವರಲ್ಲಿ ಇಬ್ಬರಿಗೆ ಮಾತ್ರ ಹಿಂದಿರುಗುವುದಾಗಿತ್ತು ಎಂಬುದು ಹೊಳೆಯಿತು.

ಸಾಮಾನು ಎರಡು ಕಂತುಗಳಲ್ಲಿ ಬರುತ್ತದೆ. ವಿಮಾನದಲ್ಲಿ ಕಳಿಸುವ ಸಣ್ಣ ಕಂತು ನಮಗೆ ಹನ್ನೆರಡು ದಿನಕ್ಕೆ ಸಿಕ್ಕಿತು. ಹಡಗಿನ ಕಂಟೇನರ್ ಬರಲು ಒಂಬತ್ತು ವಾರ ಹಿಡಿಯಿತು. ಈ ನಡುವಿನ ಬರಿದಾದ ಮನೆಯಲ್ಲಿ ದಿನ ಕಳೆಯಬೇಕಾಗುತ್ತದೆ ಎಂಬುದನ್ನು ನೆನಪಿಟ್ಟು ಸಣ್ಣ ಕಂತನ್ನು ಕಟ್ಟಬೇಕು. ನಾವು ಅದರಲ್ಲಿ ಪುಸ್ತಕಗಳನ್ನೂ ಚಳಿಗಾಲದ ಬಟ್ಟೆಗಳನ್ನೂ ತುಂಬಿದ್ದೆವು. ಬೇಕಾಗಿದ್ದದ್ದು ಪರದೆ, ಹೊದಿಕೆ, ಎರಡು ಪಾತ್ರೆ, ನಾಲ್ಕು ತಟ್ಟೆ, ಒಂದು ಚಾಕು, ಸ್ಕ್ರೂಡ್ರೈವರ್. ಪರದೆಯನ್ನು ಮೊದಲು ಹೇಳಲು ಕಾರಣವಿದೆ. ಹಲವು ಕಾಲವಲಯಗಳನ್ನು ದಾಟಿ ಪೂರ್ವಕ್ಕೆ ಬಂದ ಮಕ್ಕಳಿಗೆ ರಾತ್ರಿ ಮೂರಾದರೂ ನಿದ್ದೆ ಹತ್ತುವುದಿಲ್ಲ, ಹತ್ತಿದ ಮೇಲೆ ಎರಡು ಗಂಟೆಯೊಳಗೆ ಬರಿಯ ಕಿಟಕಿಯಿಂದ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ, ಅದರಲ್ಲೂ ಪೂರ್ವಕ್ಕೆ ಬಂದಾಗ ಇನ್ನಷ್ಟು ನಿಧಾನ. ಆದ್ದರಿಂದ ಬಂದ ವಾರದಲ್ಲೇ ಮಕ್ಕಳನ್ನು ಶಾಲೆಗೆ ಸೇರಿಸಬಾರದು. ನಾವು ಐದನೆಯ ದಿನಕ್ಕೇ ಸೇರಿಸಿದೆವು.

ಆ ಐದನೆಯ ದಿನದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಗಳು ತನ್ನ ಕೈಚೀಲದಲ್ಲಿ ತಾನೇ ಹೊತ್ತು ತಂದ ಒಂದು ಮೇಜಿನ ಗಡಿಯಾರವಿತ್ತು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಅಲ್ಲಿನ ವಿದ್ಯುತ್ತು 110 ವೋಲ್ಟ್, ಇಲ್ಲಿನದು 230. ಅದನ್ನರಿತೇ ನಾನು ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ತಂದಿದ್ದೆ. ರಾತ್ರಿ 10 ಗಂಟೆಗೆ ಗಡಿಯಾರವನ್ನು ಸರಿಹೊಂದಿಸಿ, ಬೆಳಗಿನ 6ಕ್ಕೆ ಅಲಾರಂ ಇಟ್ಟು, ಎಲ್ಲರನ್ನೂ ತಾನೇ ಎಬ್ಬಿಸುವುದಾಗಿ ಅವಳು ಹಟ ಹಿಡಿದದ್ದರಿಂದ ನಾನು ಫೋನಿನಲ್ಲಿ ಅಲಾರಂ ಇಡುವುದನ್ನು ಬಿಟ್ಟೆ. ಗಡಿಯಾರ ಹೊಡೆದದ್ದು 7 ಗಂಟೆ 36 ನಿಮಿಷಕ್ಕೆ. ಹೊಸ ಶಾಲೆಯ ಮೊದಲ ದಿನವೇ ತಡವಾಯಿತು. ಸಮಯ ತಪ್ಪಾಗಿ ಇಟ್ಟಿದ್ದೀಯೆಂದು ನಾನು ಅವಳನ್ನು ಗದರಿದೆ. ಸಂಜೆ ಅವಳು ಮಾತಿಲ್ಲದೆ ಗಡಿಯಾರವನ್ನೂ ನನ್ನ ಫೋನನ್ನೂ ಪಕ್ಕಪಕ್ಕ ಇಟ್ಟು ಒಂದು ಗಂಟೆ ಕಾದಳು. ಫೋನು 60 ನಿಮಿಷ ಓಡಿದ್ದರೆ ಗಡಿಯಾರ 50 ನಿಮಿಷ ಓಡಿತ್ತು. ಇಂಥ ಗಡಿಯಾರ ವಿದ್ಯುತ್ತಿನ ಆವರ್ತಗಳನ್ನು ಎಣಿಸಿ ಸಮಯ ಹೇಳುತ್ತದೆ. ಅಲ್ಲಿ ಸೆಕೆಂಡಿಗೆ 60 ಆವರ್ತ, ಅಂದರೆ 60 ಹರ್ಟ್ಸ್, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತಗಳನ್ನು ಬದಲಿಸುವುದಿಲ್ಲ. ನಾನು ಅವಳ ಕ್ಷಮೆ ಕೇಳಿದೆ.

ಇದರಿಂದ ಎಚ್ಚೆತ್ತು, ಕಂಟೇನರ್ ಬಂದ ಮೇಲೆ ಪ್ರತಿಯೊಂದು ವಿದ್ಯುತ್ ಉಪಕರಣದ ಬೆನ್ನಿನ ಸಣ್ಣಕ್ಷರಗಳನ್ನು ಓದಿಯೇ ಪ್ಲಗ್ಗಿಗೆ ಹಾಕಿದೆ. '100–240 ವೋಲ್ಟ್, 50/60 ಹರ್ಟ್ಸ್' ಎಂದಿದ್ದರೆ ಚಿಂತೆಯಿಲ್ಲ, ಪ್ಲಗ್ಗಿನ ಆಕಾರ ಹೊಂದಿಸಿದರೆ ಸಾಕು. ಲ್ಯಾಪ್‌ಟಾಪ್ ಮತ್ತು ಫೋನಿನ ಚಾರ್ಜರ್‌ಗಳೆಲ್ಲ ಬಹುಮಟ್ಟಿಗೆ ಹೀಗೇ ಇರುತ್ತವೆ. ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರಗಳಂಥ ಶಾಖದ ಉಪಕರಣಗಳು ಸಾವಿರ ವ್ಯಾಟಿಗೂ ಹೆಚ್ಚು ಎಳೆಯುವುದರಿಂದ ಅವುಗಳಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಕಲ್ಲಿನಷ್ಟು ಭಾರವಾಗಿರುತ್ತದೆ. ಅದನ್ನು ಕೊಳ್ಳುವ ಬದಲು ಉಪಕರಣವನ್ನೇ ಬಿಟ್ಟು ಬರುವುದು ಲೇಸು. ಮೋಟಾರಿರುವ ಹಳೆಯ ಮಾದರಿಯ ವಾಷಿಂಗ್ ಮಷೀನ್, ಫ್ರಿಜ್ಜುಗಳನ್ನು ತರಲೇಬಾರದು: 60 ಹರ್ಟ್ಸ್‌ಗೆ ಮಾಡಿದ ಮೋಟಾರು 50ರಲ್ಲಿ ಆರನೆಯ ಒಂದು ಭಾಗ ನಿಧಾನವಾಗಿ ತಿರುಗಿ ಬೇಗ ಬಿಸಿಯಾಗುತ್ತದೆ. ನಮ್ಮ ವಾಷಿಂಗ್ ಮಷೀನು ಒಂಬತ್ತು ವಾರ ಸಮುದ್ರಯಾನ ಮಾಡಿ ಬಂದು ಈಗ ಮಹಡಿಯ ಮೂಲೆಯಲ್ಲಿ ಹೂಕುಂಡ ಹೊತ್ತು ನಿಂತಿದೆ.

ಕಂಟೇನರ್ ಬರುವ ದಿನ ಮನೆಯಲ್ಲಿ ಇಬ್ಬರು ದೊಡ್ಡವರಿರಬೇಕು, ಒಬ್ಬರು ಬಾಗಿಲಲ್ಲಿ ಪಟ್ಟಿ ಹಿಡಿದು, ಇನ್ನೊಬ್ಬರು ಒಳಗೆ ಯಾವುದು ಯಾವ ಕೋಣೆಗೆಂದು ಹೇಳಲು. ನಮ್ಮಲ್ಲಿ ಅಂದು ನಾನೊಬ್ಬನೇ ಇದ್ದೆ. ಬಂದ ನಾಲ್ಕನೆಯ ದಿನವೇ ಹೆಂಡತಿ ಕರ್ತವ್ಯಕ್ಕೆ ಹಾಜರಾಗಿದ್ದಳು. ಕಂಟೇನರ್ ಬರುವ ವಾರಕ್ಕೆ ಸರಿಯಾಗಿ ಆಕೆಯ ತುಕಡಿ ಮೂರು ವಾರದ ಸಮರಾಭ್ಯಾಸಕ್ಕೆ ಹೊರಟಿತು. ಸೇನಾ ಕುಟುಂಬಗಳಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಯಾರ ಕೆಲಸಕ್ಕಾಗಿ ಮನೆ ಬದಲಾಯಿತೋ ಅವರೇ ಮನೆ ಇಳಿಸುವ ದಿನ ಇರುವುದಿಲ್ಲ.

ಒಟ್ಟು 168 ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಅಂಕಿಯ ಚೀಟಿ. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಅಂಕಿಯ ಮುಂದೆ ವಿವರವನ್ನು ಅಲ್ಲಿನ ಪ್ಯಾಕರ್ಸ್‌ನವರು ತಮ್ಮ ಭಾಷೆಯಲ್ಲಿ, ಅದೂ ಅವಸರದ ಕೈಬರಹದಲ್ಲಿ ಬರೆದಿದ್ದರು. ಮೂರು ವರ್ಷ ಅಲ್ಲಿದ್ದರೂ ನಾನು ಕಲಿತದ್ದು ನಮಸ್ಕಾರ, ಎಷ್ಟು, ಸಾಕು ಎಂಬಷ್ಟೇ. ಮಗಳು ಅಲ್ಲಿನ ಶಾಲೆಯಲ್ಲಿ ಓದಿದವಳು. ಅಂದು ಅವಳು ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಪಟ್ಟಿ ತೊಡೆಯ ಮೇಲಿಟ್ಟು, ಚೀಟಿ ನೋಡಿ, "ಅಡುಗೆಮನೆ, ಗಾಜು, ನಿಧಾನ," "ಅಪ್ಪನ ಕಾಗದ, ಮೇಲಿನ ಕೋಣೆ," ಎಂದು ಹೇಳುತ್ತ ಹೋದಳು, ಹೊತ್ತು ತರುವವರು ಅವಳು ಹೇಳಿದಲ್ಲಿಗೆ ಒಯ್ದರು. ಶಾಲೆಯಲ್ಲಿ ಎರಡು ತಿಂಗಳಿಂದ ಬಾಯಿಬಿಡದೆ ಕುಳಿತಿರುತ್ತಾಳೆಂದು ದೂರು ಬಂದಿದ್ದ ಹುಡುಗಿ. ನಾನು ಬೇಕೆಂದು ಮಾಡಿದ ಏರ್ಪಾಡಲ್ಲ ಅದು, ಆದರೆ ಮತ್ತೊಮ್ಮೆ ಮನೆ ಬದಲಿಸಿದರೆ ಬೇಕೆಂದೇ ಮಾಡುತ್ತೇನೆ.

ಸಹಿಯ ವಿಷಯ ಮುಖ್ಯ. ಸಂಜೆ ದಣಿದು ನಿಂತಾಗ 'ಎಲ್ಲ ಸರಿಯಾಗಿ ಬಂದಿದೆ' ಎಂಬ ಮುದ್ರಿತ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. 87ನೆಯ ಅಂಕಿಯ ಪೆಟ್ಟಿಗೆ ಬಂದಿರಲಿಲ್ಲ, ಕನ್ನಡಿಯೊಂದು ಒಡೆದಿತ್ತು, ಒಂದು ಹಾಸಿಗೆಗೆ ಬೂಷ್ಟು ಹಿಡಿದಿತ್ತು. ಹಗಲು ಕಾದು ಇರುಳು ತಣಿಯುವ ಕಂಟೇನರಿನ ತಗಡಿನ ಛಾವಣಿಯಲ್ಲಿ ಒಳಗಿನ ತೇವವೇ ಹನಿಗಟ್ಟಿ ಮಳೆಯಂತೆ ಸುರಿಯುತ್ತದೆಯಂತೆ. ಹಾಸಿಗೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟದ್ದೇ ಕಾರಣ. ಈ ಮೂರನ್ನೂ ಅದೇ ಹಾಳೆಯಲ್ಲಿ ನನ್ನ ಕೈಯಿಂದ ಬರೆದು, ಫೋಟೊ ತೆಗೆದು, ಆಮೇಲೆ ಸಹಿ ಹಾಕಿದೆ. ತಂದವರು ಮುಖ ಸಿಂಡರಿಸಿದರು. ಸಿಂಡರಿಸಲಿ, ಪರಿಹಾರ ಕೇಳುವಾಗ ಆ ಮೂರು ಸಾಲುಗಳ ಹೊರತು ನಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ. ಸರ್ಕಾರಿ ವಸತಿಯನ್ನು ವಹಿಸಿಕೊಳ್ಳುವಾಗಲೂ ಇದೇ ನಿಯಮ: ಬಿರುಕು ಬಿಟ್ಟ ಹೆಂಚು, ಸೋರುವ ನಲ್ಲಿ, ಗೋಡೆಯ ಮೊಳೆಗಂಡಿ ಎಲ್ಲವೂ ಮೊದಲ ದಿನವೇ ಕಾಗದಕ್ಕೆ ಬರಬೇಕು, ಇಲ್ಲವಾದರೆ ಬಿಡುವ ದಿನ ಅವೆಲ್ಲ ನಾವೇ ಮಾಡಿದ್ದಾಗುತ್ತವೆ.

ಮಂಚದ ಬೋಲ್ಟುಗಳು ಎರಡು ದಿನ ಸಿಗಲಿಲ್ಲ. ಅವುಗಳನ್ನು ಒಂದು ಕಾಲುಚೀಲದಲ್ಲಿ ಹಾಕಿ ಬಾಣಲೆಯೊಳಗಿಟ್ಟು, ಬಾಣಲೆಯನ್ನು ಅಡುಗೆಮನೆಯ ಪೆಟ್ಟಿಗೆಯಲ್ಲಿ ಕಟ್ಟಿದ್ದರು. ಬೋಲ್ಟುಗಳ ಚೀಲವನ್ನು ಆಯಾ ಮಂಚದ ತಲೆಹಲಗೆಗೇ ಟೇಪಿನಿಂದ ಅಂಟಿಸಬೇಕು ಎಂಬುದನ್ನು ಐದು ಮನೆಗಳಲ್ಲಿ ಕಲಿತೂ ಮರೆತವನಿಗೆ ಇದು ತಕ್ಕದ್ದೇ. ಒಳ್ಳೆಯದೂ ಒಂದಾಯಿತು: ಕನ್ನಡಿಯ ಮರದ ಪೆಟ್ಟಿಗೆಯ ಹಲಗೆಗಳಿಂದ ಮಗನಿಗೆ ಪುಟ್ಟ ಕಪಾಟು ಮಾಡಿದೆ. ಹೊರದೇಶದಿಂದ ಬರುವ ಕಟ್ಟಿನ ಮರದ ಮೇಲೆ ತೆನೆಯಂಥ ಗುರುತು ಮತ್ತು ಎರಡಕ್ಷರದ ಮುದ್ರೆ ಇರುತ್ತದೆ. 'ಎಚ್‌ಟಿ' ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 30 ನಿಮಿಷ ಇಟ್ಟು ಹುಳು ತೆಗೆದಿದ್ದಾರೆಂದು ಅರ್ಥ. 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದಾರೆಂದು. ಎರಡನೆಯದನ್ನು ಮಕ್ಕಳ ಕೋಣೆಗೆ ಒಯ್ಯಬೇಡಿ.

ಶಾಲೆಯ ಕಾಗದ, ಲಸಿಕೆಯ ಕಾರ್ಡು, ಜನನಪತ್ರಗಳನ್ನು ಮಾತ್ರ ನಾನು ಕೈಚೀಲದಲ್ಲೇ ತಂದಿದ್ದೆ, ಅದೊಂದು ಪುಣ್ಯ. ಅಲ್ಲಿನ ಅಂಕಪಟ್ಟಿಯ ಅಧಿಕೃತ ಅನುವಾದವನ್ನೂ ಹೊರಡುವ ಮೊದಲೇ ಮಾಡಿಸಿಕೊಂಡಿದ್ದರಿಂದ ಸೇರಿಸುವುದು ಕಷ್ಟವಾಗಲಿಲ್ಲ. ಸೇರಿದ ಮೇಲಿನದು ಕಷ್ಟವಾಯಿತು. ಲೆಕ್ಕದಲ್ಲಿ ಅವಳು ಅರ್ಧ ವರ್ಷ ಮುಂದಿದ್ದಳು, ಭಾಷೆಯಲ್ಲಿ ಒಂದು ವರ್ಷ ಹಿಂದಿದ್ದಳು. ಭಾಗಾಕಾರವನ್ನು ಅಲ್ಲಿನ ಕ್ರಮದಲ್ಲಿ ಬರೆದಳೆಂದು ಉತ್ತರ ಸರಿಯಿದ್ದರೂ ಕೆಂಪು ಗೆರೆ ಬಿತ್ತು. ಹೊರದೇಶದಲ್ಲಿ ಅವಳು ಬೇರೆ ಊರಿನವಳೆಂದು ಎಲ್ಲರಿಗೂ ಗೊತ್ತಿತ್ತು, ತಪ್ಪಿದರೆ ತಿದ್ದುತ್ತಿದ್ದರು. ಇಲ್ಲಿ ನೋಡಲು ಎಲ್ಲರಂತೆಯೇ ಇರುವ ಹುಡುಗಿಗೆ ಎಲ್ಲರಿಗೂ ಗೊತ್ತಿರುವ ಆಟದ ನಿಯಮ ಗೊತ್ತಿಲ್ಲವೆಂದರೆ ಅದು ಜಂಬವಾಗಿ ಕಾಣುತ್ತದೆ. ಕೊನೆಗೆ ನಾನು ಟೀಚರನ್ನು ಕಂಡು, ಇವಳನ್ನು ಹೊರದೇಶದಿಂದ ಹೊಸದಾಗಿ ಬಂದ ಮಗುವೆಂದೇ ಎಣಿಸಿ ಎಂದು ಕೇಳಿಕೊಂಡೆ. ಮೊದಲ ದಿನವೇ ಹೇಳಬೇಕಿದ್ದ ಮಾತು.

ಇದಕ್ಕೆ 'ಡಬ್ಲ್ಯು ರೇಖೆ' ಎಂಬ ಹೆಸರಿದೆಯೆಂದು ಆಮೇಲೆ ಓದಿ ತಿಳಿದೆ. ಹೊರದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ, ಆಮೇಲೆ ಕುಗ್ಗಿ, ಮತ್ತೆ ಏರುತ್ತದೆಂದು ನಾರ್ವೆಯ ಸಮಾಜಶಾಸ್ತ್ರಜ್ಞ ಲಿಸ್‌ಗಾರ್ಡ್ 1955ರಲ್ಲಿ ಬರೆದಿದ್ದರು. ಅಮೆರಿಕದ ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲಿ ಅದನ್ನು ಮುಂದುವರಿಸಿ, ಮರಳಿ ಬಂದ ಮೇಲೂ ಅದೇ ಇಳಿತ ಇನ್ನೊಮ್ಮೆ ಬರುತ್ತದೆಂದು ತೋರಿಸಿದರು. ಓದಿದ್ದರಿಂದ ಇಳಿತವೇನೂ ಕಡಿಮೆಯಾಗಲಿಲ್ಲ, ಆದರೆ ಮೂರನೆಯ ತಿಂಗಳಲ್ಲಿ ನನಗೂ ಯಾರೊಡನೆಯೂ ಮಾತು ಬೇಡವೆನಿಸಿದಾಗ ಅದನ್ನು ಮನೆಯ ಮೇಲಾಗಲಿ ಹೆಂಡತಿಯ ಕೆಲಸದ ಮೇಲಾಗಲಿ ಹೊರಿಸದೆ ಸುಮ್ಮನಿರಲು ಸಾಧ್ಯವಾಯಿತು.

ಇನ್ನೊಂದು ತಪ್ಪು ಬಾಕಿ ಇದೆ. ಹೆಂಡತಿ ಸಮರಾಭ್ಯಾಸದಲ್ಲಿದ್ದ ಮೂರು ವಾರಗಳಲ್ಲಿ ಹಟ ಹಿಡಿದವನಂತೆ ಎಲ್ಲ ಪೆಟ್ಟಿಗೆ ಬಿಚ್ಚಿ, ಕಪಾಟು ಜೋಡಿಸಿ, ಚಿತ್ರಗಳನ್ನು ತೂಗುಹಾಕಿ, ರಟ್ಟನ್ನೆಲ್ಲ ಸಾಗಿಸಿ, ಆಕೆ ಬರುವಷ್ಟರಲ್ಲಿ ಒಂದು ಟೇಪಿನ ತುಂಡೂ ಕಾಣದಂತೆ ಮಾಡಿದ್ದೆ. ಆಕೆ ರಾತ್ರಿ ಬಂದು, ಬೂಟು ಕಳಚಿ ಎಲ್ಲಿಡುವುದೆಂದು ಕೇಳಿದಳು. ನೀರಿನ ಲೋಟ ಎಲ್ಲಿದೆಯೆಂದು ಕೇಳಿದಳು. ಚಮಚ ಹುಡುಕುತ್ತ ಮೂರು ಖಾನೆ ಎಳೆದು ನೋಡಿ, "ನಿಮ್ಮ ಮನೆ ತುಂಬಾ ಚೆನ್ನಾಗಿದೆ," ಎಂದಳು. ಹೊಗಳಿಕೆಯೇ ಅದು, ಆದರೂ ಅತಿಥಿಯ ಮಾತು. ಮಗಳು ನನ್ನ ಮುಖ ನೋಡಿದಳು.

ಮರುದಿನ ಭಾನುವಾರ. ಅಡುಗೆಮನೆಯ ಖಾನೆಗಳನ್ನೆಲ್ಲ ನೆಲದ ಮೇಲೆ ಸುರಿದು, "ಇದು ನಿನ್ನದು, ನಾನು ಕೈಹಾಕುವುದಿಲ್ಲ," ಎಂದು ಮಕ್ಕಳನ್ನು ಕರೆದುಕೊಂಡು ಹೊರಗೆ ಹೋದೆ. ಮಧ್ಯಾಹ್ನ ಬರುವಷ್ಟರಲ್ಲಿ ಎಲ್ಲವೂ ಬೇರೆ ಕ್ರಮದಲ್ಲಿ, ಸೇನೆಯ ಉಗ್ರಾಣದಂತೆ ಸಾಲುಗೂಡಿ ಕುಳಿತಿತ್ತು. ಅಂದಿನಿಂದ ಚಮಚ ಹುಡುಕುವವನು ನಾನು.