ಅಕೇಶಿಯಾ ಹೊಟ್ಟಿನಿಂದ ಸಕ್ಕರೆ: ನಾವು ಮಾಡುವ ಕ್ರಮ

ಭದ್ರಾವತಿಯ ಕಾಗದದ ಕಾರ್ಖಾನೆಗೆಂದು ಮಲೆನಾಡಿನಲ್ಲಿ ಬೆಳೆಸಿದ ಅಕೇಶಿಯಾದ ಹೊಟ್ಟನ್ನಷ್ಟೇ ನಾವು ಸಾಮಿಲ್‌ನಿಂದ ತರುತ್ತೇವೆ. ಸಾಗುವಾನಿ ಬೆರೆತದ್ದು ಬೇಡ. ಪ್ಲೈವುಡ್ ಧೂಳಂತೂ ಬೇಡವೇ ಬೇಡ, ಅದರಲ್ಲಿ ಅಂಟು ಸೇರಿರುತ್ತದೆ.

ಮೊದಲು ತೇವಾಂಶ ನೋಡಬೇಕು. ಮಳೆಗಾಲದ ಹೊಟ್ಟಿನಲ್ಲಿ ಶೇ. 40ರಷ್ಟು ನೀರಿದ್ದರೆ, 100 ಗ್ರಾಂ ಒಣ ಹೊಟ್ಟಿಗೆ 167 ಗ್ರಾಂ ತೂಗಬೇಕು. ಅದರ ಜೊತೆಗೇ ಬರುವ 67 ಗ್ರಾಂ ನೀರನ್ನು ನಾವು ಹಾಕುವ ನೀರಿನ ಲೆಕ್ಕದಿಂದ ಕಳೆಯದಿದ್ದರೆ ಆಮ್ಲ ತೆಳುವಾಗುತ್ತದೆ. ಅಳೆಯಲು ಸ್ವಲ್ಪ ಹೊಟ್ಟನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ನೋಡಿ.

ಒಂದು ಲೀಟರ್‌ಗೆ 100 ಗ್ರಾಂ ಒಣ ಹೊಟ್ಟು, ಶೇ. 98ರ ಗಂಧಕಾಮ್ಲ 5.6 ಮಿ.ಲೀ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಗಾಜಿನ ಬಾಟಲಿಯಲ್ಲಿಟ್ಟು, ಮುಚ್ಚಳ ಸಡಿಲಿಸಿ, ಪ್ರೆಶರ್ ಕುಕ್ಕರ್ ತರಹದ ಆಟೋಕ್ಲೇವ್‌ನಲ್ಲಿ 15 ಪಿಎಸ್‌ಐಗೆ ಒಂದು ಗಂಟೆ. ನಮ್ಮ ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಗೇಜಿನಲ್ಲಿ 15 ತೋರಿಸಿದರೂ ಒಳಗಿನ ಶಾಖ 121ಕ್ಕಿಂತ ಒಂದು ಡಿಗ್ರಿ ಕಡಿಮೆ. ಈ ಹಂತದಲ್ಲಿ ಮರದ ನಾರಿನಲ್ಲಿ ಸೆಲ್ಯುಲೋಸ್ ಜೊತೆಗಿರುವ ಹೆಮಿಸೆಲ್ಯುಲೋಸ್ ಕರಗಿ ಕ್ಸೈಲೋಸ್ ಎಂಬ ಸಕ್ಕರೆ ಆಗುತ್ತದೆ. ಆ ದ್ರವವನ್ನು ಬೇರೆ ಇಡಿ, ಸಾಮಾನ್ಯ ಬೇಕರಿ ಯೀಸ್ಟ್ ಅದನ್ನು ಹುದುಗಿಸುವುದಿಲ್ಲ. ಶಾಖ ಹೆಚ್ಚಿಸಿದರೆ ಸಕ್ಕರೆ ಕೆಟ್ಟು ಹುಟ್ಟುವ ಫರ್ಫ್ಯೂರಲ್ ಹೆಚ್ಚುತ್ತದೆ, ಸಕ್ಕರೆ ನಷ್ಟ.

ಉಳಿದ ಹೊಟ್ಟನ್ನು ತೊಳೆದು, ಶೇ. 2ರ ಕಾಸ್ಟಿಕ್ ಸೋಡಾದಲ್ಲಿ ಮತ್ತೆ ಒಂದು ಗಂಟೆ ಬೇಯಿಸುತ್ತೇವೆ. ದ್ರವ ಡಿಕಾಕ್ಷನ್‌ನಂತೆ ಕಪ್ಪಾದರೆ ನಾರನ್ನು ಬಿಗಿಹಿಡಿದ ಲಿಗ್ನಿನ್ ಬಿಡುತ್ತಿದೆ ಎಂದರ್ಥ. ಮಲ್ ಬಟ್ಟೆಯಲ್ಲಿ ಹಿಂಡಿ, ಸೋಸಿದ ನೀರಿನ ಪಿಎಚ್ 7ಕ್ಕೆ ಇಳಿಯುವವರೆಗೆ ತೊಳೆಯಿರಿ.

ಇನ್ನು ಮುಂದೆ ಅದನ್ನು ಒಣಗಿಸಲೇಬಾರದು. ಎಷ್ಟೋ ಜನ ತೂಕಕ್ಕೆ ಅನುಕೂಲವೆಂದು ಒಲೆಯಲ್ಲಿಟ್ಟುಬಿಡುತ್ತಾರೆ. ಒಣಗಿದರೆ ನಾರಿನ ಸಣ್ಣ ರಂಧ್ರಗಳು ಕುಸಿದು ಅಂಟಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ಪೂರ್ತಿ ತೆರೆಯುವುದಿಲ್ಲ. ಕಿಣ್ವ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಒದ್ದೆಯಾಗಿಯೇ ಫ್ರಿಜ್‌ನಲ್ಲಿಡಿ, ತೇವಾಂಶ ಅಳೆಯಲು ಬೇರೆ ತುಣುಕು ತೆಗೆಯಿರಿ.

ಕಿಣ್ವದ ಹಂತಕ್ಕೆ ಸಿಟ್ರೇಟ್ ಬಫರ್, ಪಿಎಚ್ 4.8, 50 ಡಿಗ್ರಿ, ಲೀಟರ್‌ಗೆ 50 ಗ್ರಾಂ ಒಣ ತೂಕದ ನಾರು, ಗ್ರಾಂಗೆ 20 ಎಫ್‌ಪಿಯು (ಕಿಣ್ವದ ಶಕ್ತಿಯ ಅಳತೆ) ಸೆಲ್ಯುಲೇಸ್, ಅಂದರೆ ಸೆಲ್ಯುಲೋಸ್ ಒಡೆಯುವ ಕಿಣ್ವ, 72 ಗಂಟೆ ಅಲುಗಾಟ. ಎರಡು ಗ್ಲೂಕೋಸ್ ಜೋಡಿಯಾದ ಸೆಲ್ಲೋಬಯೋಸನ್ನು ಒಡೆಯುವ ಬೀಟಾ-ಗ್ಲೂಕೋಸಿಡೇಸ್ ಕಿಣ್ವ ಕಡಿಮೆಯಿದ್ದರೆ ಸೆಲ್ಲೋಬಯೋಸ್ ಶೇಖರವಾಗಿ ಕಿಣ್ವದ ಕೆಲಸವನ್ನು ತಡೆಯುತ್ತದೆ. 48 ಗಂಟೆಯ ನಂತರ ಸಕ್ಕರೆಯೂ ಪಿಎಚ್ಚೂ ಒಟ್ಟಿಗೆ ಇಳಿದರೆ ಬ್ಯಾಕ್ಟೀರಿಯಾ ಸೇರಿದೆ.

ಡಿಎನ್‌ಎಸ್ ಪರೀಕ್ಷೆಯಲ್ಲಿ (ಬಣ್ಣದಿಂದ ಸಕ್ಕರೆ ಅಳೆಯುವುದು) ಬರೀ ಕಿಣ್ವದ ಬ್ಲ್ಯಾಂಕನ್ನೂ ಬರೀ ನಾರಿನ ಬ್ಲ್ಯಾಂಕನ್ನೂ ಅಳೆದು ಕಳೆಯಿರಿ, ಮಾರುಕಟ್ಟೆಯ ಕಿಣ್ವದಲ್ಲಿ ಸಕ್ಕರೆ ಮೊದಲೇ ಇರಬಹುದು. ಗ್ಲೂಕೋಸ್ ಎಷ್ಟೆಂದು ಸಿಕ್ಕ ಮೇಲೆ 0.9ರಿಂದ ಗುಣಿಸಿ ಸೆಲ್ಯುಲೋಸ್ ತೂಕದಿಂದ ಭಾಗಿಸಿ. ಸರಪಳಿ ಮುರಿಯುವಾಗ ನೀರು ಸೇರುವುದರಿಂದ 1 ಗ್ರಾಂ ಸೆಲ್ಯುಲೋಸ್ 1.11 ಗ್ರಾಂ ಗ್ಲೂಕೋಸ್ ಕೊಡುತ್ತದೆ. ಇದನ್ನು ಬಿಟ್ಟರೆ ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ.