ಸರಕು ಬಿಡುವ ಮುನ್ನ ಒಂದು ಪೂರ್ವಪಕ್ಷ

ಪೂರ್ವಪಕ್ಷವನ್ನು (ನ್ಯಾಯ ಎಂಬ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಎದುರಾಳಿಯ ವಾದಕ್ಕೆ ಈ ಹೆಸರು) ಬರೆಯದೆ ಒಣದ್ರಾಕ್ಷಿಯನ್ನು ಮಾರುವುದೂ ಇಲ್ಲ, ಹಿಡಿದಿಡುವುದೂ ಇಲ್ಲ ಎಂದು ನಾನು ನಿಯಮ ಮಾಡಿಕೊಂಡಾಗ, ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಬೆಳೆಗಾರ ಗೆಳೆಯರು "ನ್ಯಾಯಶಾಸ್ತ್ರ ಓದಿದ್ರ ದರ ಏರತೈತೇನ್ರಿ?" ಎಂದು ನಕ್ಕಿದ್ದರು. ದರ ಏರಲಿಲ್ಲ, ನಿಜ. ಆದರೆ ಈಚೆಗೆ ಅವರಲ್ಲಿ ಕೆಲವರು ಸವಾಲಿಗೆ, ಅಂದರೆ ಹರಾಜಿಗೆ, ಹೋಗುವ ಮುನ್ನ ನನಗೆ ಫೋನ್ ಮಾಡುತ್ತಾರೆ.

ಮೊದಲು ಲಾಭ, ನಷ್ಟ ಎಂದು ಗೆರೆ ಎಳೆದು ಅಂಕ ಹಾಕಿ ನೋಡಿದೆ. ಮನಸ್ಸು ಆಗಲೇ ಒಲಿದ ಕಡೆಗೇ ಅಂಕ ಹೆಚ್ಚು ಬೀಳುತ್ತಿತ್ತು. ಆಮೇಲೆ ಚಾರ್ವಾಕರಂತೆ ಕಣ್ಣಿಗೆ ಕಾಣುವ ಪ್ರತ್ಯಕ್ಷವನ್ನಷ್ಟೇ ನಂಬುವುದೆಂದು ಹಠ ಹಿಡಿದು, ಒಣದ್ರಾಕ್ಷಿಯ ಪೇಟೆಯಾದ ತಾಸಗಾಂವಿಗೆ ಹೋಗಿ ಕಣ್ಣಾರೆ ಕಂಡ ದರವನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ. ಓಡಾಟದ ಖರ್ಚು ಬೆಳೆಯಿತು, ಆದರೆ ದೀಪಾವಳಿಯ ದರ ಶ್ರಾವಣದಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ.

ಕೈಹಿಡಿದ ಕ್ರಮವೆಂದರೆ, ಪ್ರತಿ ಮಾತಿನ ಮುಂದೆ ಅದರ ಪ್ರಮಾಣವನ್ನು, ಅಂದರೆ ಅದು ಯಾವ ಆಧಾರದಿಂದ ತಿಳಿದದ್ದು ಎಂಬುದನ್ನು, ಗುರುತು ಹಾಕುವುದು: ಕಂಡದ್ದೋ, ಊಹಿಸಿದ್ದೋ, ಹೋಲಿಸಿದ್ದೋ, ಕೇಳಿದ್ದೋ. ಒಂದು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ನನ್ನದು ಸುಮಾರು 8 ಟನ್ ಇತ್ತು. "ಹಬ್ಬದ ಬೇಡಿಕೆಯಿಂದ ದರ ಏರುತ್ತದೆ" ಎಂದು ಬರೆದು ವ್ಯಾಪ್ತಿಯನ್ನು (ಒಂದಿದ್ದಲ್ಲೆಲ್ಲ ಇನ್ನೊಂದು ತಪ್ಪದೆ ಇರುವ ನಂಟನ್ನು) ಪರೀಕ್ಷಿಸಲು ಹಳೆಯ ಪಟ್ಟಿಗಳನ್ನು ತೆಗೆದರೆ, ಹಬ್ಬ ಪ್ರತಿ ವರ್ಷವೂ ಬಂದಿತ್ತು, ದರ ಮಾತ್ರ ಕೆಲವು ವರ್ಷ ಏರಿ ಕೆಲವು ವರ್ಷ ಬಿದ್ದಿತ್ತು. ಸವ್ಯಭಿಚಾರಕ್ಕೆ, ಅಂದರೆ ಒಮ್ಮೆ ಹೀಗೂ ಒಮ್ಮೆ ಹಾಗೂ ಜಾರುವ ಕಾರಣಕ್ಕೆ, ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. "ತಡೀರಿ, ಇನ್ನೂ ಮೂವತ್ತು ರೂಪಾಯಿ ಬರತೈತಿ" ಎಂಬ ದಲಾಲರ ಮಾತು ಶಬ್ದಪ್ರಮಾಣ, ಅಂದರೆ ಕೇಳಿ ನಂಬಬಹುದಾದ ಆಧಾರ, ಆಗಬೇಕಾದರೆ ಹೇಳಿದವರು ಆಪ್ತರಾಗಿರಬೇಕು, ವಿಷಯ ಬಲ್ಲವರೂ ಇದ್ದದ್ದನ್ನು ಇದ್ದಂತೆ ಹೇಳುವವರೂ ಆಗಿರಬೇಕು. ಸರಕು ನಿಂತಷ್ಟು ದಿನ ಬಾಡಿಗೆ ಸೇರುತ್ತಿದ್ದುದು ಅವರ ಭಾವನ ಸ್ಟೋರೇಜಿಗೆ. ಮುಕ್ಕಾಲು ಸರಕನ್ನು ಕಿಲೋಗೆ 170ರ ಆಸುಪಾಸಿನಲ್ಲಿ ಬಿಟ್ಟೆ. ಹಬ್ಬ ಮುಗಿದ ಮೇಲೆ ದರ 140ಕ್ಕೆ ಇಳಿಯಿತು. ಬಾಡಿಗೆ ಬಿಟ್ಟೇ ಒಂದೂವರೆ ಲಕ್ಷಕ್ಕೆ ಮೇಲೆ ಉಳಿಯಿತು.

ಪೂರ್ವಪಕ್ಷವನ್ನು ಎದುರಾಳಿ ತನ್ನದೆಂದು ಒಪ್ಪುವಂತೆ ಬರೆಯಬೇಕು. ಹಿಡಿದಿಡೋಣ ಎನ್ನುವ ನಮ್ಮ ಮನೆಯವರಿಗೆ ಓದಲು ಕೊಡುತ್ತೇನೆ, "ಹಿಂಗ ನಾ ಎಲ್ಲಿ ಅಂದೀನ್ರಿ?" ಎಂದು ಅವರು ಹಾಳೆ ಹಿಂದಿರುಗಿಸಿದರೆ ಮತ್ತೆ ಬರೆಯುತ್ತೇನೆ.

ಇದೇ ಕ್ರಮವನ್ನು ಬೋರ್‌ವೆಲ್ಲಿಗೂ ಹಚ್ಚಿ ನೋಡಿದೆ. ನೀರು ನೋಡುವವರ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಲ್ಲಿ ನೀರು ಬಿದ್ದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಕಾಯಿ ಏಳದ ಜಾಗದಲ್ಲಿ ಕೊರೆಸಿದವರೇ ಇಲ್ಲದಿರುವಾಗ ವ್ಯತಿರೇಕವನ್ನು, ಅಂದರೆ ಕಾಯಿ ಏಳದಲ್ಲಿ ನೀರೂ ಇಲ್ಲ ಎಂಬುದನ್ನು, ಎಲ್ಲಿಂದ ತರುವುದು? ಅಂಥ ಜಾಗದಲ್ಲಿ ನಾನು ಕೊರೆಸಿದೆ, ಎರಡಿಂಚು ನೀರು ಬಿತ್ತು. ಒಂದೇ ಬಾವಿಯಿಂದ ಏನೂ ಸಿದ್ಧವಾಗದೆಂಬುದು ಗೊತ್ತಿದ್ದರೂ ಊರಿನಲ್ಲಿ ಅದನ್ನು ಹೇಳಿಕೊಂಡು ತಿರುಗಿದ್ದೇನೆ. ಹಾಳೆಯನ್ನು ಯಾವ ಹೊತ್ತಿನಲ್ಲಿ ಬರೆಯುತ್ತೇನೆ, ದಲಾಲರಿಗೆ ಮೊದಲು ಯಾವ ಪ್ರಶ್ನೆ ಹಾಕುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ, ಅವರೂ ಓದುತ್ತಾರೆ.